ಹಗ್ಗ, ಹಿಮ, ಹೆಲಿಕಾಪ್ಟರ್: ‘ಡೀ ಬೆರ್ಗ್‌ರೆಟ್ಟರ್’ ನೋಡುವವರ ಪ್ರಶ್ನೆಗಳಿಗೆ ಉತ್ತರ

ಆಸ್ಟ್ರಿಯಾದ ಸ್ಟೀರಿಯಾ ಪ್ರಾಂತ್ಯದಲ್ಲಿ ಡಾಖ್‌ಷ್ಟೈನ್ ಪರ್ವತದ ಬುಡಕ್ಕೆ ರಾಮ್‌ಸೌ ಎಂಬ ಊರಿದೆ. ಆ ಊರಿನ ಪರ್ವತ ರಕ್ಷಣಾ ತಂಡದ ಕತೆ ಹೇಳುವ ಜರ್ಮನ್ ಧಾರಾವಾಹಿಯೇ ‘ಡೀ ಬೆರ್ಗ್‌ರೆಟ್ಟರ್’. ಜರ್ಮನಿಯಲ್ಲಿರುವ ನಮ್ಮ ಓದುಗರು ಭಾಷೆ ರೂಢಿಯಾಗಲೆಂದು ಇದನ್ನು ನೋಡುತ್ತಾರೆ, ಇಲ್ಲಿಯ ಚಾರಣಿಗರು ಬೆಟ್ಟಕ್ಕಾಗಿ ನೋಡುತ್ತಾರೆ. ಬಂದ ಪ್ರಶ್ನೆಗಳಲ್ಲಿ ಯಾರು ಯಾರನ್ನು ಮದುವೆಯಾದರು ಎಂಬುದಕ್ಕಿಂತ ಹಗ್ಗ, ಹಿಮ, ಹೆಲಿಕಾಪ್ಟರ್‌ಗಳ ಬಗ್ಗೆ ಕೇಳಿದವೇ ಹೆಚ್ಚು. ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹಳೆಯ ಕಂತುಗಳಲ್ಲಿ ‘ಡೀ ಬೆರ್ಗ್‌ವಾಖ್ಟ್’ ಎಂಬ ಹೆಸರಿದೆ, ನಾಯಕನೂ ಬೇರೆ. ಎರಡೂ ಒಂದೇ ಧಾರಾವಾಹಿಯೇ? ಎಲ್ಲಿಂದ ನೋಡಲಿ?
— ಮ್ಯೂನಿಕ್‌ನ ಓದುಗರು

ಒಂದೇ. ಝಡ್‌ಡಿಎಫ್ ವಾಹಿನಿಯಲ್ಲಿ 2009ರಲ್ಲಿ ಶುರುವಾದಾಗ ‘ಬೆರ್ಗ್‌ವಾಖ್ಟ್’ ಎಂದಿತ್ತು, ಕೆಲವು ಸೀಸನ್‌ಗಳ ನಂತರ ಹೆಸರು ಬದಲಾಯಿತು. ಬೆರ್ಗ್‌ವಾಖ್ಟ್ ಎನ್ನುವುದು ನೀವಿರುವ ಬವೇರಿಯಾ ಕಡೆಯ ರಕ್ಷಣಾ ಸಂಸ್ಥೆಯ ಹೆಸರು. ಕತೆ ನಡೆಯುವ ಆಸ್ಟ್ರಿಯಾದಲ್ಲಿ ಈ ಕೆಲಸ ಮಾಡುವುದು ಬೆರ್ಗ್‌ರೆಟ್ಟುಂಗ್, ಹಾಗಾಗಿ ಈಗಿನ ಹೆಸರೇ ಸರಿ. ಮೊದಲು ಮಾರ್ಟಿನ್ ಗ್ರೂಬರ್ ಆಂಡ್ರಿಯಾಸ್ ಮಾರ್ಟಾಲರ್ ಪಾತ್ರದಲ್ಲಿದ್ದರು. 2014ರಿಂದ ಸೆಬಾಸ್ಟಿಯನ್ ಷ್ಟ್ರೋಬೆಲ್ ಅವರ ಮಾರ್ಕುಸ್ ಕೋಫ್ಲರ್ ತಂಡದ ಮುಂದಾಳು. ಆರಂಭದ ಕಂತುಗಳು 45 ನಿಮಿಷದವು, ಆಮೇಲಿನವು 90 ನಿಮಿಷದವು. ಕೋಫ್ಲರ್ ಬಂದ ಕಂತಿನಿಂದ ಶುರುಮಾಡಿದರೆ ಏನೂ ನಷ್ಟವಿಲ್ಲ. ಉದ್ದದ ಕಂತುಗಳಲ್ಲಿ ರಕ್ಷಣಾ ಕಾರ್ಯವನ್ನು ಹಂತ ಹಂತವಾಗಿ ತೋರಿಸಲು ಸಮಯವಿದೆ, ನಮಗೆ ಅವೇ ಹೆಚ್ಚು ಇಷ್ಟ.

ಪ್ರತಿ ಕಂತಿನಲ್ಲೂ ಫೋನ್ ಬಂದ ಕೆಲವೇ ನಿಮಿಷಕ್ಕೆ ಹೆಲಿಕಾಪ್ಟರ್ ಹಾಜರ್. ನಿಜವಾಗಿ ಹೀಗಾಗುತ್ತದೆಯೇ?
— ಮೈಸೂರಿನ ಓದುಗರು

ಹವಾಮಾನ ಚೆನ್ನಾಗಿದ್ದರೆ, ಹಗಲಾಗಿದ್ದರೆ, ಆ ಪ್ರದೇಶದಲ್ಲಿ ಆಗುತ್ತದೆ. ರಾಮ್‌ಸೌಗೆ ಹತ್ತಿರದ ಎನ್ಸ್ ಕಣಿವೆಯಲ್ಲೇ, ನೀಡರ್‌ಯೋಬ್ಲಾರ್ನ್ ಎಂಬಲ್ಲಿ, ಆಸ್ಟ್ರಿಯಾದ ವಾಹನ ಸವಾರರ ಸಂಘವಾದ ಓಎಎಂಟಿಸಿಯ ‘ಕ್ರಿಸ್ಟೊಫೊರುಸ್ 14’ ಹೆಲಿಕಾಪ್ಟರ್‌ನ ನೆಲೆಯಿದೆ. ಅಲ್ಲಿಂದ ಡಾಖ್‌ಷ್ಟೈನ್‌ನ ದಕ್ಷಿಣದ ಕಡಿದಾದ ಬಂಡೆಗೋಡೆಗೆ ಹಾರಲು ಬೇಕಾಗುವುದು ಕೆಲವೇ ನಿಮಿಷ. ಆದ್ದರಿಂದ ವೇಗದ ವಿಷಯದಲ್ಲಿ ಧಾರಾವಾಹಿಯನ್ನು ದೂರುವಂತಿಲ್ಲ.

ಪರದೆಯ ಮೇಲೆ ಕಾಣದೆ ಹೋಗುವುದು ಹೆಲಿಕಾಪ್ಟರ್ ಬರಲಾಗದ ದಿನ. ಬಂಡೆಯ ಪಕ್ಕ ಹಾರುವ ಪೈಲಟ್‌ಗೆ ಬಂಡೆ ಕಾಣಲೇಬೇಕು. ಮೋಡ ಗೋಡೆಗೆ ಅಂಟಿಕೊಂಡಿದ್ದರೆ ಎಷ್ಟೇ ಹತ್ತಿರ ಬಂದರೂ ಪ್ರಯೋಜನವಿಲ್ಲ. ಆಲ್ಪ್ಸ್‌ನ ದಕ್ಷಿಣದಿಂದ ದಾಟಿ ಬರುವ ‘ಫ್ಯೋನ್’ (Föhn) ಎಂಬ ಬೆಚ್ಚನೆಯ ಒಣ ಗಾಳಿ ಬೀಸುವ ದಿನ ಆಕಾಶ ಸ್ವಚ್ಛವಾಗಿಯೇ ಇರುತ್ತದೆ, ಆದರೆ ಶಿಖರದ ಮರೆಯಲ್ಲಿ ಗಾಳಿ ಮೇಲಿಂದ ಕೆಳಕ್ಕೆ ಒತ್ತುತ್ತದೆ. ಎತ್ತರದಲ್ಲಿ ಗಾಳಿ ತೆಳು, ಯಂತ್ರದ ಎತ್ತುವ ಶಕ್ತಿಯೂ ಕಡಿಮೆ. ಕಣಿವೆಯಲ್ಲಿ ನಾಲ್ವರನ್ನು ಆರಾಮವಾಗಿ ಹೊರುವ ಹೆಲಿಕಾಪ್ಟರ್‌ನಿಂದ 2,700 ಮೀಟರ್ ಎತ್ತರದಲ್ಲಿ, ಅದೂ ಬಿಸಿಲಿನ ಮಧ್ಯಾಹ್ನ, ಒಬ್ಬಿಬ್ಬರನ್ನು ಇಳಿಸಿಯೇ ಹಾರಬೇಕಾಗಬಹುದು.

ಅಂಥ ದಿನ ಕೆಲಸ ಕಾಲ್ನಡಿಗೆಗೆ ಬೀಳುತ್ತದೆ. ಒಂದು ಸ್ಟ್ರೆಚರನ್ನು ಕಡಿದಾದ ದಾರಿಯಲ್ಲಿ ಹೊರಲು ಒಂದು ಹೊತ್ತಿಗೆ ಆರರಿಂದ ಎಂಟು ಜನ ಬೇಕು. ಅವರು ದಣಿದಾಗ ಕೈ ಬದಲಿಸಲು ಅಷ್ಟೇ ಜನ ಹಿಂದೆ ನಡೆಯಬೇಕು. ಹಗ್ಗದಲ್ಲಿ ಇಳಿಸುವವರು, ದಾರಿ ನೋಡುವವರು, ವೈದ್ಯರು ಸೇರಿ ಇಪ್ಪತ್ತರ ಹತ್ತಿರ ಹೋಗುತ್ತದೆ. ಧಾರಾವಾಹಿಯಲ್ಲಿ ಇದನ್ನು ನಾಲ್ಕು ಮುಖ್ಯ ನಟರೇ ಮಾಡಿ ಮುಗಿಸುತ್ತಾರೆ. ನಮ್ಮ ಮಟ್ಟಿಗೆ ಈ ಧಾರಾವಾಹಿಯ ದೊಡ್ಡ ಕೊರತೆ ಇದೇ. ಸಾಹಸದ ಉತ್ಪ್ರೇಕ್ಷೆಯನ್ನಾದರೂ ಒಪ್ಪಬಹುದು, ಹೊರುವ ಕೈಗಳೇ ಕಾಣದಂತೆ ಮಾಡಿದ್ದನ್ನು ಒಪ್ಪುವುದು ಕಷ್ಟ.

ಫೋನ್ ಮಾಡುವವರ ಪಾತ್ರವನ್ನೂ ಧಾರಾವಾಹಿ ಅವಸರದಲ್ಲಿ ದಾಟಿಸುತ್ತದೆ. ಆಸ್ಟ್ರಿಯಾದಲ್ಲಿ ಪರ್ವತ ತುರ್ತಿನ ಸಂಖ್ಯೆ 140, ಯುರೋಪಿನಾದ್ಯಂತ 112. ಗಡಿಯ ಹತ್ತಿರ ಫೋನ್ ಪಕ್ಕದ ದೇಶದ ಟವರ್ ಹಿಡಿದಿದ್ದರೆ 112 ಒತ್ತುವುದೇ ಸರಿ. ಮೊದಲು ಹೇಳಬೇಕಾದ್ದು ಜಾಗ: ಫೋನಿನ ನಕ್ಷೆಯಲ್ಲಿ ಕಾಣುವ ಅಕ್ಷಾಂಶ-ರೇಖಾಂಶ, ಹತ್ತಿ ಬಂದ ದಾರಿಯ ಹೆಸರು, ಎತ್ತರ. ಆಮೇಲೆ ಏನಾಯಿತು, ಎಷ್ಟು ಜನಕ್ಕೆ ಏಟು, ಪ್ರಜ್ಞೆ ಇದೆಯೇ ಎಂಬುದು. ಕೊನೆಗೆ ಅಲ್ಲಿ ಎಷ್ಟು ದೂರ ಕಾಣುತ್ತಿದೆ, ಗಾಳಿ ಹೇಗಿದೆ, ಹತ್ತಿರದಲ್ಲಿ ವಿದ್ಯುತ್ ತಂತಿಯೋ ಸಾಮಾನು ಸಾಗಿಸುವ ರೋಪ್‌ವೇ ತಂತಿಯೋ ಇದೆಯೇ ಎಂಬುದು. ತಂತಿಯ ಮಾಹಿತಿಯನ್ನು ಮರೆಯುವವರೇ ಹೆಚ್ಚು. ಪೈಲಟ್‌ಗೆ ಮೇಲಿನಿಂದ ಕಾಣದ ಅಪಾಯ ಅದು. ಮಾತು ಮುಗಿದ ಮೇಲೆ ಮನೆಯವರಿಗೆ ಫೋನ್ ಹಚ್ಚಬೇಡಿ. ಕೇಂದ್ರದವರು ತಿರುಗಿ ಕರೆ ಮಾಡುತ್ತಾರೆ, ಲೈನ್ ಖಾಲಿ ಇರಲಿ, ಬ್ಯಾಟರಿ ಉಳಿಯಲಿ.

ಹೆಲಿಕಾಪ್ಟರ್ ಕಂಡರೆ ಕೈ ಬೀಸಬಾರದು ಎನ್ನುತ್ತಾರೆ. ಮತ್ತೇನು ಮಾಡಬೇಕು?
— ತುಮಕೂರಿನ ಓದುಗರು

ಸಹಾಯ ಬೇಕಿದ್ದರೆ ಎರಡೂ ಕೈಗಳನ್ನು ಓರೆಯಾಗಿ ಮೇಲೆತ್ತಿ ಅಲುಗಾಡದೆ ನಿಲ್ಲಿ. ಇಂಗ್ಲಿಷಿನ ‘ವೈ’ ಅಕ್ಷರದ ಆಕಾರ, ‘ಯೆಸ್’ ಎಂದರ್ಥ. ಬೇಡವಾದರೆ ಒಂದು ಕೈ ಓರೆಯಾಗಿ ಮೇಲಕ್ಕೆ, ಇನ್ನೊಂದು ಓರೆಯಾಗಿ ಕೆಳಕ್ಕೆ. ಒಂದೇ ಕೈ ಬೀಸಿದರೆ ಪ್ರವಾಸಿಗರು ಟಾಟಾ ಮಾಡುತ್ತಿದ್ದಾರೆಂದು ಪೈಲಟ್ ಮುಂದೆ ಹೋಗಬಹುದು.

ಇಳಿಯುವ ಹೊತ್ತಿಗೆ ಟೋಪಿ, ಚಾಪೆ, ಫಾಯಿಲ್ ಹೊದಿಕೆ ಎಲ್ಲ ಚೀಲದೊಳಗಿರಲಿ. ಹಾರಿದ ಬಟ್ಟೆ ರೆಕ್ಕೆಗೆ ಸಿಕ್ಕಿದರೆ ಹೆಲಿಕಾಪ್ಟರೇ ಉಳಿಯದು. ಗಾಳಿಗೆ ಬೆನ್ನು ಮಾಡಿ ಮಂಡಿಯೂರಿ ಕೂತು, ಪೈಲಟ್ ಸನ್ನೆ ಮಾಡುವವರೆಗೆ ಅಲ್ಲಿಂದ ಏಳಬೇಡಿ. ಹೋಗುವಾಗ ಮುಂದಿನಿಂದ ಹೋಗಿ, ಬಾಲದ ಕಡೆಯಿಂದ ಎಂದಿಗೂ ಬೇಡ. ಇಳಿಜಾರಿನಲ್ಲಿ ನಿಂತಿದ್ದರೆ ಮೇಲ್ಭಾಗದಿಂದಲೂ ಬೇಡ, ಆ ಕಡೆ ರೆಕ್ಕೆಗೂ ನೆಲಕ್ಕೂ ನಡುವಿನ ಅಂತರ ಕಡಿಮೆ.

ಫೋನ್ ಸಿಗದ ಜಾಗದಲ್ಲಿ ಹಳೆಯ ಸಂಕೇತ ಈಗಲೂ ನಡೆಯುತ್ತದೆ: ಒಂದು ನಿಮಿಷದಲ್ಲಿ ಆರು ಸಲ ಟಾರ್ಚ್ ಬೆಳಗುವುದೋ ಸೀಟಿ ಊದುವುದೋ, ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ಕಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಬ್ರಿಟನ್ನಿನ ಪರ್ವತಾರೋಹಿ ಕ್ಲಿಂಟನ್ ಡೆಂಟ್ 1894ರಲ್ಲಿ ಸೂಚಿಸಿದ ಪದ್ಧತಿಯಿದು.

ಕೋಫ್ಲರ್ ಗೋಡೆಗೆ ಸಿಕ್ಕಿಕೊಂಡವನ ಬಳಿ ಇಳಿದು, ತನಗೆ ಅವನನ್ನು ಸಿಕ್ಕಿಸಿಕೊಂಡು, ಅವನ ಹಗ್ಗ ಕತ್ತರಿಸುತ್ತಾನೆ. ಬಿಚ್ಚಬಹುದಲ್ಲ, ಕತ್ತರಿಸುವುದೇಕೆ? ರೋಚಕತೆಗಾಗಿಯೇ?
— ಹುಬ್ಬಳ್ಳಿಯ ಓದುಗರು

ಇದು ನಾಟಕವಲ್ಲ, ನಿಜವಾದ ವಿಧಾನ. ಆ ಕೆಲವು ಸೆಕೆಂಡುಗಳಲ್ಲಿ ಎಲ್ಲರ ಜೀವವೂ ಅಪಾಯದಲ್ಲಿರುತ್ತದೆ.

ಆಸ್ಟ್ರಿಯಾದಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಟೌ’ ಪದ್ಧತಿ. ಹೆಲಿಕಾಪ್ಟರ್ ಮೊದಲು ಹತ್ತಿರದ ಸಮತಟ್ಟು ಜಾಗದಲ್ಲಿ ಇಳಿಯುತ್ತದೆ. ಹೊಟ್ಟೆಯಡಿಯ ಕೊಕ್ಕೆಗೆ ನಿಗದಿತ ಉದ್ದದ ಹಗ್ಗ ಹಾಕಿ, ಅದರ ತುದಿಯಲ್ಲಿ ರಕ್ಷಕ ತೂಗುತ್ತ ಗೋಡೆಗೆ ಹೋಗುತ್ತಾರೆ. ವಿಂಚ್‌ನಂತೆ ಹಗ್ಗವನ್ನು ಒಳಕ್ಕೆ ಸುತ್ತಿಕೊಳ್ಳುವ ವ್ಯವಸ್ಥೆ ಇದರಲ್ಲಿಲ್ಲ. ಗಾಯಾಳು ಮತ್ತು ರಕ್ಷಕ ಇಬ್ಬರೂ ಹಗ್ಗದ ತುದಿಯಲ್ಲೇ ತೂಗುತ್ತ ಮರಳಿ ಆ ಸಮತಟ್ಟು ಜಾಗಕ್ಕೆ ಬರುತ್ತಾರೆ. ವಿಂಚ್ ಇದ್ದರೆ ಕ್ಯಾಬಿನ್ನಿಗೇ ಎಳೆದುಕೊಳ್ಳಬಹುದು, ಆದರೆ ವಿಂಚ್ ತೂಕ ಹೆಚ್ಚು, ಅದನ್ನು ನಡೆಸಲು ಒಬ್ಬರು ಬೇರೆ ಬೇಕು.

ಈಗ ಗೋಡೆಯ ಮೇಲಿನ ಕೆಲಸ. ಗಾಯಾಳು ತನ್ನ ಹಾರ್ನೆಸ್‌ನಿಂದ (ಸೊಂಟ-ತೊಡೆಗೆ ತೊಡುವ ಪಟ್ಟಿ) ಬಂಡೆಯ ಆಂಕರ್‌ಗೆ (ಬಂಡೆಗೆ ಗಟ್ಟಿಯಾಗಿ ಕೂರಿಸಿದ ಆಧಾರ) ಕಟ್ಟಿಕೊಂಡಿರುತ್ತಾನೆ. ರಕ್ಷಕ ಹೆಲಿಕಾಪ್ಟರ್‌ನ ಹಗ್ಗದಲ್ಲಿರುತ್ತಾರೆ. ರಕ್ಷಕ ಗಾಯಾಳುವಿನ ಹಾರ್ನೆಸ್‌ಗೆ ತನ್ನ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕಿದ ಕ್ಷಣದಿಂದ ಹೆಲಿಕಾಪ್ಟರೂ ಬಂಡೆಗೆ ಕಟ್ಟಿಹಾಕಿದಂತೆ. ಆಗ ಗಾಳಿಯ ಒಂದು ಹೊಡೆತಕ್ಕೆ ಯಂತ್ರ ಎರಡು ಮೀಟರ್ ಮೇಲೇರಿದರೂ ಸಾಕು, ಆಂಕರ್ ಕಿತ್ತುಬರಬೇಕು, ಇಲ್ಲವೇ ಹಾರ್ನೆಸ್ ಹರಿಯಬೇಕು, ಇಲ್ಲವೇ ಪೈಲಟ್ ಹಗ್ಗವನ್ನೇ ಕಳಚಿಬಿಡಬೇಕು. ಆದ್ದರಿಂದ ಎರಡೂ ಕಡೆ ಕಟ್ಟಿರುವ ಸಮಯವನ್ನು ಆದಷ್ಟು ಕಡಿಮೆ ಮಾಡುವುದೇ ಇಡೀ ಕೆಲಸದ ಗುಟ್ಟು. ಭಾರ ಬಿದ್ದು ಬಿಗಿದ ಗಂಟನ್ನು ಕೈಗವಸು ಹಾಕಿದ ಬೆರಳುಗಳಿಂದ ಬಿಚ್ಚಲು ನಿಮಿಷಗಳೇ ಹಿಡಿಯುತ್ತವೆ. ಬಿಗಿದ ಹಗ್ಗಕ್ಕೆ ಚಾಕು ತಾಗಿಸಿದರೆ ಸಾಕು, ಹರಿಯುತ್ತದೆ.

ಕತ್ತರಿಸುವ ಮುನ್ನ ಮಾಡಬೇಕಾದ ಕೆಲಸ ಕ್ಯಾಮೆರಾದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ರಕ್ಷಕ ಮೊದಲು ಗಾಯಾಳು ಎಷ್ಟು ಕಡೆ ಕಟ್ಟಿಕೊಂಡಿದ್ದಾನೆ ಎಂದು ಕೈಯಿಂದ ಸವರಿ ನೋಡುತ್ತಾರೆ. ಮುಖ್ಯ ಹಗ್ಗದ ಜೊತೆಗೆ ಜಾಕೆಟ್ಟಿನಡಿ ಇನ್ನೊಂದು ಸ್ಲಿಂಗ್ (ಪಟ್ಟಿಯ ಕುಣಿಕೆ) ಅಡಗಿರಬಹುದು, ಚೀಲದ ಪಟ್ಟಿ ಬಂಡೆಯ ಮೊನೆಗೆ ಸಿಕ್ಕಿರಬಹುದು. ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಸಿ ಮೇಲಕ್ಕೆ ಸನ್ನೆ ಮಾಡಿದರೆ ಅನಾಹುತ. ಎರಡನೆಯದು, ತನ್ನ ಕ್ಯಾರಬಿನರ್ ಸೇರಿದ್ದು ಹಾರ್ನೆಸ್‌ನ ಮಧ್ಯದ ಗಟ್ಟಿ ಕುಣಿಕೆಗೋ, ಪಕ್ಕದಲ್ಲಿ ಸಾಮಾನು ತೂಗುಹಾಕುವ ತೆಳು ಕುಣಿಕೆಗೋ ಎಂದು ನೋಡಿಕೊಳ್ಳಬೇಕು, ಅದರ ಲಾಕ್ ಬಿಗಿದಿರಬೇಕು. ಯುರೋಪಿನ ಮಾನದಂಡದ ಪ್ರಕಾರ ಸಾಮಾನ್ಯ ಕ್ಯಾರಬಿನರ್ ಬಾಯಿ ಮುಚ್ಚಿದಾಗ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ, ತಡೆಯಬೇಕು. ಬಾಯಿ ತೆರೆದಿದ್ದರೆ ಅಥವಾ ಅಡ್ಡಲಾಗಿ ಭಾರ ಬಿದ್ದರೆ ಕನಿಷ್ಠ ಮಿತಿ ಏಳೇ ಕಿಲೋನ್ಯೂಟನ್.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಹಗ್ಗ ಅಂಚಿಗೆ ಉಜ್ಜಿ ಎಳೆ ಎಳೆಯಾಗಿ ಬಿಚ್ಚುತ್ತ, ನಾಯಕ ಕೊನೆಯ ಎಳೆಯಲ್ಲಿ ಪಾರಾಗುವ ದೃಶ್ಯಗಳನ್ನು ನಂಬಬೇಡಿ. ಹತ್ತುವವರ ಹಗ್ಗಕ್ಕೆ ಹೊರಗೊಂದು ಹೆಣೆದ ಹೊದಿಕೆ, ಒಳಗೆ ಬಿಳಿ ತಿರುಳು ಇರುತ್ತದೆ. ಭಾರ ಹೊತ್ತು ಚೂಪಾದ ಅಂಚಿನ ಮೇಲೆ ಅಡ್ಡ ಜಾರಿದರೆ ಎರಡೂ ಒಟ್ಟಿಗೇ ಹೋಗುತ್ತವೆ, ಎಚ್ಚರಿಕೆಗೆ ಸಮಯವೇ ಇಲ್ಲ. ಅದಕ್ಕೇ ರಕ್ಷಕರು ಅಂಚಿಗೆ ದಪ್ಪ ಬಟ್ಟೆಯನ್ನೋ ರೋಲರನ್ನೋ ಇಟ್ಟು, ಬೇರೆ ಬೇರೆ ಆಂಕರ್‌ಗೆ ಕಟ್ಟಿದ ಎರಡು ಹಗ್ಗಗಳಲ್ಲಿ ಕೆಲಸ ಮಾಡುತ್ತಾರೆ.

ಹಾರ್ನೆಸ್‌ನಲ್ಲಿ ಸುಮ್ಮನೆ ತೂಗುತ್ತಿದ್ದವನಿಗೆ ಏಟೇ ಇಲ್ಲ, ಆದರೂ ಪ್ರಜ್ಞೆ ತಪ್ಪಿತು. ಇದು ಸಾಧ್ಯವೇ?
— ಧಾರವಾಡದ ಓದುಗರು

ಸಾಧ್ಯ. ಅಲುಗಾಡದೆ ತೂಗುತ್ತಿದ್ದರೆ ಕಾಲಿನ ಸ್ನಾಯುಗಳು ಕೆಲಸ ಮಾಡುವುದಿಲ್ಲ, ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಹೃದಯದ ಬಡಿತವೂ ರಕ್ತದೊತ್ತಡವೂ ಇಳಿಯುತ್ತವೆ. ಆರೋಗ್ಯವಂತರಿಗೂ ಕೆಲವೇ ನಿಮಿಷದಲ್ಲಿ ಕಣ್ಣು ಕತ್ತಲೆ ಬರಬಹುದು. ತೂಗುತ್ತಿರುವವರು ಸ್ಲಿಂಗಿನಿಂದ ಒಂದು ಕುಣಿಕೆ ಮಾಡಿ ಅದರಲ್ಲಿ ಪಾದವಿಟ್ಟು ಆಗಾಗ ನಿಲ್ಲಬೇಕು, ಅದೂ ಇಲ್ಲದಿದ್ದರೆ ಕಾಲುಗಳನ್ನು ಗೋಡೆಗೆ ಒತ್ತಿ ಸೈಕಲ್ ತುಳಿದಂತೆ ಆಡಿಸುತ್ತಿರಬೇಕು. ಕೆಳಗಿಳಿಸಿದ ಮೇಲೆ ಮಲಗಿಸಬಾರದು, ಅರ್ಧ ಗಂಟೆ ಕೂರಿಸಿಯೇ ಇಡಬೇಕು ಎಂಬ ಹಳೆಯ ಸಲಹೆಯನ್ನು ಈಗ ಕೈಬಿಡಲಾಗಿದೆ. ನೇರ ಮಲಗಿಸಿ, ಉಸಿರು ನಾಡಿ ನೋಡಿ, ಉಳಿದೆಲ್ಲ ಮಾಮೂಲು ಪ್ರಥಮ ಚಿಕಿತ್ಸೆ.

ಹಿಮಕುಸಿತದಲ್ಲಿ ಹೂತುಹೋದವರನ್ನು ತಂಡ ಬಂದು ಹುಡುಕಿ, ಒಂದು ಗಂಟೆಯ ಮೇಲೆ ಜೀವಂತ ತೆಗೆಯುತ್ತದೆ. ನಂಬಬಹುದೇ? ಮುಂದಿನ ಚಳಿಗಾಲ ಗೆಳೆಯರೊಂದಿಗೆ ಹಿಮದ ಚಾರಣಕ್ಕೆ ಹೊರಟಿದ್ದೇನೆ.
— ಬೆಂಗಳೂರಿನ ಓದುಗರು

ಅಂಥ ಪ್ರಕರಣಗಳು ಇವೆ, ಬಹಳ ಅಪರೂಪ. ಹಿಮದಡಿ ಪೂರ್ತಿ ಹೂತವರಲ್ಲಿ ಮೊದಲ ಹತ್ತು-ಹದಿನೈದು ನಿಮಿಷದೊಳಗೆ ಹೊರತೆಗೆದವರ ಪೈಕಿ ಸುಮಾರು ಶೇ 90 ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟುವಷ್ಟರಲ್ಲಿ ಇದು ಮೂರರಲ್ಲಿ ಒಂದಕ್ಕಿಂತ ಕೆಳಗಿಳಿಯುತ್ತದೆ. ಕಾರಣ ಚಳಿಯಲ್ಲ, ಉಸಿರುಗಟ್ಟುವುದು. ಅದರ ನಂತರವೂ ಬದುಕುವವರು ಮುಖದ ಮುಂದೆ ಗಾಳಿಯ ಪುಟ್ಟ ಜಾಗ ಉಳಿದು, ಬಾಯಿಗೆ ಹಿಮ ಮೆತ್ತಿರದವರು. ಊರಿನಿಂದ ಎಷ್ಟೇ ಬೇಗ ಹೊರಟರೂ ರಕ್ಷಣಾ ತಂಡಕ್ಕೆ ಹದಿನೈದು ನಿಮಿಷ ಸಾಲದು. ಜೀವ ಉಳಿಸುವವರು ಜೊತೆಯಲ್ಲಿದ್ದ ಗೆಳೆಯರೇ. ಹೊರಡುವ ಮುಂಚೆ ನಿಮ್ಮ ತಂಡದಲ್ಲಿ ಪ್ರತಿಯೊಬ್ಬರ ಬಳಿಯೂ ಮೂರು ವಸ್ತುಗಳಿರಲಿ, ಮೂರನ್ನೂ ಬಳಸಲು ಎಲ್ಲರಿಗೂ ಬರಲಿ: 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಸಂಕೇತ ಕಳುಹಿಸುವ, ಇತರರ ಸಂಕೇತ ಹುಡುಕುವ ಪುಟ್ಟ ರೇಡಿಯೊ ಯಂತ್ರ), ಹಿಮಕ್ಕೆ ಚುಚ್ಚಿ ನೋಡಲು ಕನಿಷ್ಠ 240 ಸೆಂಟಿಮೀಟರ್ ಉದ್ದದ ಪ್ರೋಬ್ ಕೋಲು, ಲೋಹದ ಸಲಿಕೆ. ಪ್ಲಾಸ್ಟಿಕ್ ಸಲಿಕೆ ಬೇಡ. ಕುಸಿದು ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಮುರಿಯುತ್ತದೆ.

ಕುಸಿಯುವಾಗ ಗೆಳೆಯ ಕೊನೆಯದಾಗಿ ಕಂಡ ಜಾಗವನ್ನು ಕಣ್ಣಲ್ಲೇ ಹಿಡಿದಿಡಿ. ಮತ್ತೆ ಕುಸಿಯುವ ಅಪಾಯವಿದೆಯೇ ಎಂದು ನೋಡಿ. ಒಬ್ಬರು ಫೋನ್ ಮಾಡಲಿ, ಉಳಿದವರೆಲ್ಲ ಟ್ರಾನ್ಸೀವರನ್ನು ‘ಹುಡುಕು’ ಸ್ಥಿತಿಗೆ ತಿರುಗಿಸಲಿ. ಒಬ್ಬರು ಮರೆತು ‘ಕಳುಹಿಸು’ ಸ್ಥಿತಿಯಲ್ಲೇ ಉಳಿದರೆ ಎಲ್ಲರೂ ಅವರ ಸುತ್ತಲೇ ಹುಡುಕುತ್ತಿರುತ್ತಾರೆ, ಇದು ಪದೇ ಪದೇ ಆಗುವ ತಪ್ಪು. ಕಂಡ ಜಾಗದಿಂದ ಕೆಳಕ್ಕೆ ಹುಡುಕುತ್ತ ಹೋಗಿ. ಹಲವರಿದ್ದರೆ ಇಬ್ಬರ ನಡುವೆ 50 ಮೀಟರ್‌ಗಿಂತ ಹೆಚ್ಚು ಅಂತರ ಬೇಡ. ಹಿಮದ ಮೇಲೆ ಕೈಗವಸು, ಸ್ಕೀ, ಚೀಲ ಏನು ಕಂಡರೂ ಎಳೆದು ನೋಡಿ. ಸಂಕೇತ ಸಿಕ್ಕೊಡನೆ ಬಾಣ ತೋರಿಸುವ ಕಡೆ ಬೇಗ ನಡೆಯಿರಿ, ಅದರಲ್ಲಿ ಕಾಣುವ ಅಂಕಿ (ಸುಮಾರು ಮೀಟರ್ ಲೆಕ್ಕದ ದೂರ) ಇಳಿಯುತ್ತ ಬರಬೇಕು. ಮೂರರ ಒಳಗೆ ಬಂದ ಮೇಲೆ ಅವಸರ ಬಿಡಬೇಕು. ಯಂತ್ರವನ್ನು ಹಿಮದ ಮೇಲ್ಮೈಗೆ ತಾಗುವಂತೆ ಹಿಡಿದು, ತಿರುಗಿಸದೆ, ಮೊದಲು ಉದ್ದಕ್ಕೆ ನಂತರ ಅಡ್ಡಕ್ಕೆ ನಿಧಾನವಾಗಿ ಸರಿಸಿ, ಅತಿ ಕಡಿಮೆ ಅಂಕಿ ಬಂದಲ್ಲಿ ಗುರುತು ಹಾಕಿ. ಧಾರಾವಾಹಿಯಲ್ಲಿ ನಟರು ಯಂತ್ರವನ್ನು ಎದೆಯೆತ್ತರಕ್ಕೆ ಹಿಡಿದು ಸುತ್ತ ತಿರುಗಿಸಿದರೆ, ಆ ಹಂತಕ್ಕೆ ಅದು ತಪ್ಪು ವಿಧಾನ.

ಗುರುತಿನಿಂದ ಸುರುಳಿಯಾಗಿ, 25 ಸೆಂಟಿಮೀಟರ್‌ಗೊಂದರಂತೆ ಪ್ರೋಬ್ ಇಳಿಸಿ. ಕೋಲು ಇಳಿಜಾರಿಗೆ ಲಂಬವಾಗಿರಲಿ, ಆಕಾಶಕ್ಕೆ ನೇರವಾಗಿ ಅಲ್ಲ. ಮೆತ್ತಗೆ ಏನಾದರೂ ತಾಗಿದರೆ ಕೋಲನ್ನು ಅಲ್ಲೇ ಬಿಡಿ, ತೆಗೆದರೆ ಜಾಗ ಮತ್ತೆ ತಪ್ಪುತ್ತದೆ. ಕೋಲಿನ ಮೇಲೆ ನಿಂತು ನೇರ ಕೆಳಗೆ ಅಗೆಯಬಾರದು. ಕೆಳಗಿರುವವನ ಗಾಳಿಯ ಜಾಗವನ್ನು ನೀವೇ ತುಳಿದು ಮುಚ್ಚುತ್ತೀರಿ. ಇಳಿಜಾರಿನ ಕೆಳಬದಿಯಿಂದ ಅಡ್ಡಲಾಗಿ ಅಗೆಯುತ್ತ ಒಳಗೆ ಹೋಗಬೇಕು. ಒಂದು ಮೀಟರ್ ಆಳದಲ್ಲಿದ್ದವರನ್ನು ತಲುಪಲು ಒಂದು ಟನ್‌ಗೂ ಹೆಚ್ಚು ಹಿಮ ಸರಿಸಬೇಕು, ಹಾಗಾಗಿ ಮುಂದೆ ಅಗೆಯುವವರು ಒಂದೆರಡು ನಿಮಿಷಕ್ಕೊಮ್ಮೆ ಬದಲಾಗಲಿ. ಮೊದಲು ಬಿಡಿಸಬೇಕಾದ್ದು ಮುಖ, ಆಮೇಲೆ ಎದೆ. ಬಾಯಿಯ ಹಿಮ ತೆಗೆದು, ಉಸಿರಿಲ್ಲದಿದ್ದರೆ ಕಾಲುಗಳು ಇನ್ನೂ ಹಿಮದಲ್ಲಿರುವಾಗಲೇ ಉಸಿರು ಕೊಡಲು ಶುರುಮಾಡಿ.

ಫೋನ್, ಸ್ಮಾರ್ಟ್‌ವಾಚ್, ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ಇವೆಲ್ಲ ಟ್ರಾನ್ಸೀವರಿಗೆ ಅಡ್ಡಿ. ನಡೆಯುವಾಗ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿರಲಿ. ಹೊರಡುವ ಮೊದಲು ಮೈದಾನದಲ್ಲಿ ಒಂದು ಟ್ರಾನ್ಸೀವರನ್ನು ಚೀಲದಲ್ಲಿಟ್ಟು ಹೂತು, ಹುಡುಕಿ ಅಭ್ಯಾಸ ಮಾಡಿ. ಕೊಂಡುಕೊಂಡದ್ದೇ ಮೊದಲ ಬಾರಿಗೆ ಅಪಘಾತದ ದಿನ ಬಳಸಿದರೆ ಆ ಹದಿನೈದು ನಿಮಿಷ ಕೈಪಿಡಿ ಓದುವುದರಲ್ಲೇ ಹೋಗುತ್ತದೆ.

ಚಳಿಗೆ ಸೆಟೆದವರ ಕೈಕಾಲು ಉಜ್ಜಿ, ಬ್ರಾಂಡಿ ಕುಡಿಸುವುದನ್ನು ಎಷ್ಟೋ ಸಿನಿಮಾಗಳಲ್ಲಿ ನೋಡಿದ್ದೇವೆ. ಈ ಧಾರಾವಾಹಿಯ ವೈದ್ಯರು ಅದನ್ನು ತಡೆಯುತ್ತಾರಲ್ಲ, ಏಕೆ?
— ಶಿವಮೊಗ್ಗದ ಓದುಗರು

ತಡೆಯುವುದೇ ಸರಿ. ದೇಹ ತಣ್ಣಗಾದಾಗ ರಕ್ತ ಕೈಕಾಲು ಬಿಟ್ಟು ಎದೆ-ಹೊಟ್ಟೆಯ ಕಡೆ ಸೇರುತ್ತದೆ. ಉಜ್ಜುವುದು, ಎಬ್ಬಿಸಿ ನಡೆಸುವುದು, ಒರಟಾಗಿ ಎತ್ತುವುದು ಇವುಗಳಿಂದ ಕೈಕಾಲಿನ ತಣ್ಣನೆಯ ರಕ್ತ ಹೃದಯಕ್ಕೆ ನುಗ್ಗುತ್ತದೆ, ಮೊದಲೇ ತಣ್ಣಗಾದ ಹೃದಯದ ಲಯ ತಪ್ಪಬಹುದು. ಹೆಲಿಕಾಪ್ಟರ್ ತಲುಪಿ ‘ಇನ್ನೇನು ಉಳಿದರು’ ಎನ್ನುವ ಹೊತ್ತಿನಲ್ಲೇ ಕುಸಿದು ಹೋದವರಿದ್ದಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಉಳಿದ ಬಿಸಿಯನ್ನೂ ಹೊರಗೆ ಚೆಲ್ಲುತ್ತದೆ, ಕುಡಿದವರಿಗೆ ಮಾತ್ರ ಬೆಚ್ಚಗಾದಂತೆ ಅನಿಸುತ್ತದೆ. ಸೇಂಟ್ ಬರ್ನಾರ್ಡ್ ನಾಯಿಯ ಕೊರಳಿನ ಬ್ರಾಂಡಿ ಪೀಪಾಯಿ ಕೂಡ ಹತ್ತೊಂಬತ್ತನೇ ಶತಮಾನದ ಒಂದು ಚಿತ್ರದಿಂದ ಹಬ್ಬಿದ ಕಲ್ಪನೆ.

ವೈದ್ಯರಿಲ್ಲದಾಗ ನಡುಗುವಿಕೆಯನ್ನು ಗಮನಿಸಿ. ನಡುಗುತ್ತಿದ್ದು ಸರಿಯಾಗಿ ಮಾತಾಡುತ್ತಿದ್ದರೆ ಒಳ ಉಷ್ಣತೆ ಸುಮಾರು 32 ಡಿಗ್ರಿಗಿಂತ ಮೇಲಿರುತ್ತದೆ. ಒಣ ಬಟ್ಟೆ ಹಾಕಿ, ಬಿಸಿ ಸಿಹಿ ಪಾನೀಯ ಕೊಡಿ. ನಡುಕ ನಿಂತು, ಮಾತು ತೊದಲಿ, ಮಂಪರು ಬಂದಿದ್ದರೆ ಅಪಾಯ. ಬಾಯಿಗೆ ಏನೂ ಹಾಕಬೇಡಿ, ಸಮತಟ್ಟಾಗಿ ಮಲಗಿಸಿಯೇ ಇಡಿ. ಒದ್ದೆ ಬಟ್ಟೆಯನ್ನು ಎಳೆಯದೆ ಕತ್ತರಿಸಿ ತೆಗೆಯಿರಿ. ಟೆಂಟಿನ ಒಳಗೋ ಗಾಳಿ ತಾಗದ ಕಡೆಗೋ ಸೇರುವವರೆಗೆ ಬಟ್ಟೆ ಬಿಚ್ಚಲೇಬೇಡಿ, ಅಲ್ಲಿಯವರೆಗೆ ಒದ್ದೆ ಬಟ್ಟೆಯ ಮೇಲೇ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹೊದಿಸಿ. ಮೇಲೆ ಎಷ್ಟು ಹೊದಿಸುತ್ತೀರೋ ಕೆಳಗೂ ಅಷ್ಟೇ ಹಾಸಿ. ನೆಲವೇ ಹೆಚ್ಚು ಬಿಸಿ ಹೀರುವುದು. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಕಂಕುಳಿಗೆ ಇಡಿ, ಕೈಕಾಲಿಗೆ ಬೇಡ.

ತಣ್ಣಗಿದ್ದವರನ್ನು ಸತ್ತರೆಂದು ಬೇಗ ನಿರ್ಧರಿಸಬಾರದು. 1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುವಾಗ ಹೊಳೆಯ ಮಂಜುಗಡ್ಡೆಯಡಿ ಸಿಕ್ಕಿಕೊಂಡ ಸ್ವೀಡನ್ನಿನ ವೈದ್ಯೆಯೊಬ್ಬರ ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು. ಹೃದಯ ನಿಂತಿತ್ತು. ಅವರು ಬದುಕಿ ಮತ್ತೆ ವೃತ್ತಿಗೆ ಮರಳಿದರು.

ತಂಡದವರಿಗೆ ಸಂಬಳ ಎಷ್ಟು?
— ಹಾಸನದ ಓದುಗರು

ಸಂಬಳವಿಲ್ಲ. ಆಸ್ಟ್ರಿಯಾದ ಪರ್ವತ ರಕ್ಷಣಾ ಸೇವೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಸ್ವಯಂಸೇವಕರು. ಬಡಗಿ, ರೈತ, ಶಿಕ್ಷಕಿ ಯಾರೂ ಆಗಿರಬಹುದು, ಕರೆ ಬಂದಾಗ ಕೆಲಸ ಬಿಟ್ಟು ಹೊರಡುತ್ತಾರೆ. ಸೇರಲು ಬಂಡೆ ಹತ್ತುವುದೂ ಹಿಮದಲ್ಲಿ ಸ್ಕೀ ಮಾಡುವುದೂ ಮೊದಲೇ ಚೆನ್ನಾಗಿ ಬರಬೇಕು, ಆಮೇಲೆ ಬೇಸಿಗೆ-ಚಳಿಗಾಲದ ತರಬೇತಿ, ಪ್ರಥಮ ಚಿಕಿತ್ಸೆ, ಪರೀಕ್ಷೆ. 1896ರ ಮಾರ್ಚ್‌ನಲ್ಲಿ ವಿಯೆನ್ನಾ ಸಮೀಪದ ರಾಕ್ಸ್ ಪರ್ವತದಲ್ಲಿ ಹಿಮಕುಸಿತಕ್ಕೆ ಮೂವರು ಸತ್ತಾಗ, ಹುಡುಕಲು ವ್ಯವಸ್ಥೆಯೇ ಇಲ್ಲದ್ದನ್ನು ಕಂಡು ಅಲ್ಲಿಯ ಪರ್ವತಾರೋಹಿಗಳು ಅದೇ ವರ್ಷ ರಕ್ಷಣಾ ಸಮಿತಿ ಕಟ್ಟಿದರು. ಇಂದಿನ ಸೇವೆ ಅದರಿಂದ ಬೆಳೆದದ್ದು.

ನಾವು ಆಲ್ಪ್ಸ್‌ಗೆ ಹೋದಾಗ ಹೆಲಿಕಾಪ್ಟರ್ ಕರೆಸಬೇಕಾದರೆ ಖರ್ಚು ಯಾರದು?
— ಸ್ಟುಟ್‌ಗಾರ್ಟ್‌ನ ಓದುಗರು

ಆಸ್ಟ್ರಿಯಾದಲ್ಲಿ ಮನರಂಜನೆಗಾಗಿ ಬೆಟ್ಟ ಹತ್ತಿದವರ ರಕ್ಷಣೆಯ ಬಿಲ್ ಅವರಿಗೇ ಬರಬಹುದು, ಹೆಲಿಕಾಪ್ಟರ್ ಆದರೆ ಸಾವಿರಾರು ಯೂರೊ. ಏಟು ಬೀಳದೆ ಬರೀ ಸಿಕ್ಕಿಹಾಕಿಕೊಂಡಿದ್ದರೆ ಆರೋಗ್ಯ ವಿಮೆಯನ್ನು ನಂಬಲೇಬೇಡಿ. ಜರ್ಮನ್ ಅಥವಾ ಆಸ್ಟ್ರಿಯನ್ ಆಲ್ಪೈನ್ ಕ್ಲಬ್‌ನ ಸದಸ್ಯತ್ವದಲ್ಲಿ ರಕ್ಷಣಾ ವೆಚ್ಚದ ವಿಮೆಯೂ ಸೇರಿರುತ್ತದೆ. ಆಸ್ಟ್ರಿಯನ್ ಕ್ಲಬ್ಬಿನದು 25,000 ಯೂರೊವರೆಗೆ. ವರ್ಷದ ಚಂದಾ ಕಟ್ಟಿದ ರಸೀದಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಖರ್ಚಿಗೆ ಹೆದರಿ ಕರೆ ತಡಮಾಡಬೇಡಿ. ಕತ್ತಲಾದ ಮೇಲೆ ಕರೆದರೆ ಅಪಾಯವೂ ಬಿಲ್ಲೂ ಎರಡೂ ದೊಡ್ಡದಾಗುತ್ತವೆ.

ನಮ್ಮಲ್ಲಿ ಇಂಥ ತಂಡಗಳಿವೆಯೇ?
— ಮಂಗಳೂರಿನ ಓದುಗರು

ಊರೂರಿಗೆ ಸ್ವಯಂಸೇವಕ ತಂಡ ಎಂಬ ವ್ಯವಸ್ಥೆ ಇಲ್ಲಿಲ್ಲ. ಉತ್ತರಾಖಂಡದಲ್ಲಿ 2013ರ ಕೇದಾರನಾಥ ದುರಂತದ ನಂತರ ರಾಜ್ಯ ವಿಪತ್ತು ಸ್ಪಂದನಾ ಪಡೆ ಬಂತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಶೋಧ ಮತ್ತು ರಕ್ಷಣೆಯದೇ ಕೋರ್ಸ್ ನಡೆಸುತ್ತದೆ. ಕಷ್ಟದ ಹೊತ್ತಿಗೆ ವಾಯುಪಡೆ ಮತ್ತು ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ) ಕೈಜೋಡಿಸುತ್ತವೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 13 ಮಂದಿಯನ್ನು ಉಳಿಸಲಾಯಿತು, ಒಂಬತ್ತು ಮಂದಿ ತೀರಿಕೊಂಡರು. ಚಳಿಯ ಬಗ್ಗೆ ಮೇಲೆ ಬರೆದದ್ದನ್ನು ಹಿಮಾಲಯಕ್ಕೆ ಹೊರಡುವ ಪ್ರತಿಯೊಬ್ಬರೂ ಓದಲಿ ಎಂದು ನಾವು ಒತ್ತಾಯಿಸುವುದು ಇದಕ್ಕೇ. ಜೂನ್ ಎಂದರೆ ಬೇಸಿಗೆ ಎಂಬ ಲೆಕ್ಕ 4,000 ಮೀಟರ್ ಮೇಲೆ ನಡೆಯುವುದಿಲ್ಲ.

ನಮ್ಮ ರಾಜ್ಯದಲ್ಲಿ 112ಕ್ಕೆ ಕರೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸುದ್ದಿ ಹೋಗುತ್ತದೆ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಯಲ್ಲಿ ಸುಮಾರು 300 ಅಡಿ ಜಾರಿ ಸಿಕ್ಕಿಹಾಕಿಕೊಂಡ ವಿದ್ಯಾರ್ಥಿಯನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು. ಪಶ್ಚಿಮಘಟ್ಟದ ದಟ್ಟ ಕಾಡಿನಲ್ಲಿ ಮೇಲಿನಿಂದ ಜನ ಕಾಣುವುದಿಲ್ಲ, ಅಲ್ಲಿ ಹುಡುಕುವವರು ಅರಣ್ಯ ಸಿಬ್ಬಂದಿ ಮತ್ತು ದಾರಿ ಬಲ್ಲ ಹಳ್ಳಿಗರು. ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಸದೆ ಕಳ್ಳದಾರಿಯಲ್ಲಿ ಹತ್ತಿದವರನ್ನು ಯಾರೂ ಹುಡುಕಲು ಹೊರಡುವುದೇ ಇಲ್ಲ, ಹೋದದ್ದೇ ಯಾರಿಗೂ ಗೊತ್ತಿರುವುದಿಲ್ಲ.

ವಿದೇಶದಿಂದ ರಜೆಗೆ ಬರುವ ಚಾರಣಿಗರು ಗಮನಿಸಿ. ಅಲ್ಲಿ ಅಂಗಡಿಯಲ್ಲಿ ಸಿಗುವ ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನಗಳನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತಕ್ಕೆ ತರುವುದು, ಬಳಸುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಬಂಧಿತರಾದವರಿದ್ದಾರೆ.

ಬೇಸಿಗೆಯಲ್ಲಿ ರಾಮ್‌ಸೌಗೆ ಹೋಗುತ್ತಿದ್ದೇವೆ. ಧಾರಾವಾಹಿಯಲ್ಲಿ ಕಾಣುವ ಉಕ್ಕಿನ ತಂತಿಯ ಹಾದಿ ಹತ್ತಬಹುದೇ? ಅನುಭವವಿಲ್ಲ.
— ವಿಯೆನ್ನಾದ ಓದುಗರು

ಹತ್ತಬಹುದು, ಯಾವ ಹಾದಿ ಎಂಬುದು ಮುಖ್ಯ. ಬಂಡೆಗೆ ಕಬ್ಬಿಣದ ಗೂಟ, ಹಗ್ಗ ಬಡಿದು ಹಾದಿ ಮಾಡುವ ಪದ್ಧತಿಗೆ ಡಾಖ್‌ಷ್ಟೈನೇ ತವರು. ಭೂಗೋಳ ವಿಜ್ಞಾನಿ ಫ್ರೀಡ್ರಿಖ್ ಸಿಮೋನಿ 1843ರಲ್ಲೇ ಇದರ ಶಿಖರಕ್ಕೆ ಅಂಥ ಹಾದಿ ಮಾಡಿಸಿದ್ದರು. ಇಂದು ಆಸ್ಟ್ರಿಯಾದಲ್ಲಿ ಈ ಹಾದಿಗಳಿಗೆ ಎ ಇಂದ ಇ ವರೆಗೆ ದರ್ಜೆ ಇದೆ, ಎ ಸುಲಭ. ಮೊದಲ ಸಲಕ್ಕೆ ಎ ಅಥವಾ ಬಿ ಸಾಕು. ದಕ್ಷಿಣ ಗೋಡೆಯ ಪ್ರಸಿದ್ಧ ‘ಡೇರ್ ಯೋಹಾನ್’ ಹಾದಿ ಅತಿ ಕಠಿಣ, ಅದು ನಿಮಗಲ್ಲ. ಇಂಥ ಹಾದಿಗಳಿಂದ ಬರುವ ತುರ್ತು ಕರೆಗಳಲ್ಲಿ ಬಹಳಷ್ಟು ಏಟು ಬಿದ್ದವರದ್ದಲ್ಲ, ತೋಳಿನ ಶಕ್ತಿ ಮುಗಿದು ಮುಂದೂ ಹೋಗಲಾರದೆ ಹಿಂದೂ ಬರಲಾರದೆ ನಿಂತವರದ್ದು.

ಹಾರ್ನೆಸ್, ಹೆಲ್ಮೆಟ್, ಕೈಗವಸು ಮತ್ತು ಆಘಾತ ಹೀರುವ ಪಟ್ಟಿಯಿರುವ ವಿಶೇಷ ಸೆಟ್ ಬೇಕು. ಸೆಟ್ಟಿಗೆ ಎರಡು ತೋಳು, ತುದಿಗೊಂದು ಕ್ಯಾರಬಿನರ್. ತಂತಿಯ ಗೂಟ ದಾಟುವಾಗ ಒಂದನ್ನು ಬಿಚ್ಚಿ ಆಚೆ ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಮಾಮೂಲು ಸ್ಲಿಂಗ್ ಕಟ್ಟಿಕೊಂಡು ಹೋಗಬೇಡಿ. ಜಾರಿದವರು ಕೆಳಗಿನ ಗೂಟದವರೆಗೆ ಹಲವು ಮೀಟರ್ ಬೀಳುತ್ತಾರೆ, ಆ ಜಗ್ಗಿಗೆ ಸ್ಲಿಂಗ್ ತಡೆಯುವುದಿಲ್ಲ, ತಡೆದರೂ ದೇಹ ತಡೆಯುವುದಿಲ್ಲ. ಇದೇ ಕಾರಣಕ್ಕೆ ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವರು ಬಿದ್ದರೆ ಕೆಳಗಿನವರ ತಲೆಯ ಮೇಲೇ ಬರುತ್ತಾರೆ.

ಸೆಟ್ ಊರಿನಲ್ಲೇ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವಾಗ ಪಟ್ಟಿಯ ಮೇಲೆ ‘ಇಎನ್ 958:2017’ ಎಂದಿದೆಯೇ ನೋಡಿ. ಅದು ಸಾಮಾನು ಬಿಟ್ಟು 40 ಕಿಲೋದಿಂದ, ಸಾಮಾನು ಸೇರಿ 120 ಕಿಲೋವರೆಗಿನ ತೂಕದವರಿಗೆ. 40 ಕಿಲೋಗಿಂತ ಹಗುರವಾದ ಮಕ್ಕಳನ್ನು ಮೇಲಿನಿಂದ ಬೇರೆ ಹಗ್ಗದಲ್ಲಿ ಹಿಡಿದುಕೊಂಡೇ ಹತ್ತಿಸಬೇಕು. ಆಘಾತದ ಪಟ್ಟಿಯ ಹೊಲಿಗೆ ಸ್ವಲ್ಪ ಬಿಚ್ಚಿದ್ದರೂ ಅದು ಒಮ್ಮೆ ಬಿದ್ದವರ ಸೆಟ್, ಹಿಂತಿರುಗಿಸಿ ಬೇರೆ ಕೇಳಿ. ಬೇಸಿಗೆಯಲ್ಲಿ ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಉಕ್ಕಿನ ತಂತಿ ಮಿಂಚನ್ನು ಗೋಡೆಯುದ್ದಕ್ಕೂ ಹರಿಸುತ್ತದೆ. ಬೆಳಗಿನ ಮೊದಲ ಬಸ್ಸಿಗೇ ಹೊರಟು, ಮಧ್ಯಾಹ್ನದೊಳಗೆ ತಂತಿ ಬಿಟ್ಟು ಇಳಿದಿರಿ.